ಮೊದಲು ನಕಲು, ಆಮೇಲೆ ಪಾಲು: ಡಿಎನ್ಎ ಮತ್ತು ಕೋಶ ವಿಭಜನೆ

ಜೀವಕೋಶ ಎರಡಾಗುವ ಪಾಠ ಅಂದ ಕೂಡಲೇ ನಾವೆಲ್ಲ ಮೈಟಾಸಿಸ್‌ನ (ನಕಲಾದ ಡಿಎನ್ಎಯನ್ನು ಎರಡು ಪಾಲು ಮಾಡುವ ಘಟ್ಟದ) ಹಂತಗಳ ಹೆಸರು ಉರು ಹೊಡೆಯಲು ಕೂರುತ್ತೇವೆ. ಆದರೆ ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯನ ಕೋಶಕ್ಕೆ ಒಂದು ಸುತ್ತು ಮುಗಿಸಲು ಸುಮಾರು 24 ಗಂಟೆ ಬೇಕು. ಅದರಲ್ಲಿ ಮೈಟಾಸಿಸ್‌ಗೆ ಹೋಗುವುದು ಒಂದು ಗಂಟೆಯಷ್ಟೇ. ಡಿಎನ್ಎ ನಕಲಾಗುವ ಎಸ್ ಹಂತಕ್ಕೆ ಸುಮಾರು 8 ಗಂಟೆ. ಆದ್ದರಿಂದ ಇಲ್ಲೂ ನಕಲಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಡಿಎನ್ಎ ಅಂದರೆ ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳಿಂದಾದ ಎರಡು ಎಳೆ. ಎ ಎದುರು ಟಿ, ಜಿ ಎದುರು ಸಿ. ಇದಿಷ್ಟು ಗೊತ್ತಿದ್ದರೆ ಒಂದು ಎಳೆ ನೋಡಿ ಇನ್ನೊಂದನ್ನು ಬರೆದುಬಿಡಬಹುದು. ಕೋಶ ಮಾಡುವುದೂ ಅದನ್ನೇ. ಎರಡು ಎಳೆ ಬಿಡಿಸುತ್ತದೆ, ಪ್ರತಿಯೊಂದಕ್ಕೂ ಹೊಸ ಜೋಡಿ ಕಟ್ಟುತ್ತದೆ. ಹಾಗಾಗಿ ಪ್ರತಿ ಹೊಸ ಡಿಎನ್ಎಯಲ್ಲೂ ಒಂದು ಎಳೆ ಹಳೆಯದು, ಒಂದು ಹೊಸದು. 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಎಂಬ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ಭಾರದ ನೈಟ್ರೋಜನ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ಹಗುರ ನೈಟ್ರೋಜನ್‌ಗೆ ಹಾಕಿದರು. ಒಂದು ತಲೆಮಾರಿನ ನಂತರ ಡಿಎನ್ಎ ಪೂರ್ತಿ ಭಾರವೂ ಅಲ್ಲ, ಪೂರ್ತಿ ಹಗುರವೂ ಅಲ್ಲ, ಎಲ್ಲವೂ ನಡುವಿನ ತೂಕದ್ದು!

ಎಳೆ ಬಿಡಿಸುವುದು ಹೆಲಿಕೇಸ್ ಎಂಬ ಕಿಣ್ವ. ಹೊಸ ಎಳೆ ಕಟ್ಟುವುದು ಡಿಎನ್ಎ ಪಾಲಿಮರೇಸ್. ಈ ಪಾಲಿಮರೇಸ್‌ಗೆ ಎರಡು ಹಠ. ತಾನಾಗಿ ಶುರು ಮಾಡಲ್ಲ, ಪ್ರೈಮೇಸ್ ಎಂಬ ಇನ್ನೊಂದು ಕಿಣ್ವ ಹಾಕಿಕೊಟ್ಟ ಪುಟ್ಟ ಆರ್‌ಎನ್‌ಎ ತುಂಡು ಬೇಕು. ಜೊತೆಗೆ, ಪ್ರತಿ ಎಳೆಯ ಎರಡು ತುದಿ ಬೇರೆ ಬೇರೆ, ಒಂದಕ್ಕೆ 3', ಇನ್ನೊಂದಕ್ಕೆ 5' ಅಂತ ಹೆಸರು; ಪಾಲಿಮರೇಸ್ 3' ತುದಿಗೆ ಮಾತ್ರ ಸೇರಿಸುತ್ತದೆ, 5' ತುದಿಗೆ ಇಲ್ಲ.

ಗೊಂದಲ ಶುರುವಾಗುವುದು ಇಲ್ಲೇ. ಎರಡು ಎಳೆಗಳು ಎದುರುಬದುರು ದಿಕ್ಕಿನಲ್ಲಿ ಇರುತ್ತವಲ್ಲ? ಎರಡು ಸುರುಳಿ ಕಾಗದ ಊಹಿಸಿಕೊಳ್ಳಿ. ಒಂದು ಬಲಕ್ಕೆ ಬಿಚ್ಚಿಕೊಳ್ಳುತ್ತಿದೆ. ನಾವು ಕನ್ನಡ ಬರೆಯುವ ಹಾಗೆ ಎಡದಿಂದ ಬಲಕ್ಕೆ ಅದರ ಹಿಂದೆಯೇ ಬರೆಯುತ್ತಾ ಹೋಗಬಹುದು, ನಿಲ್ಲಿಸಬೇಕಿಲ್ಲ. ಇನ್ನೊಂದು ಎಡಕ್ಕೆ ಬಿಚ್ಚಿಕೊಳ್ಳುತ್ತಿದೆ. ಆಗ ಒಂದಷ್ಟು ಜಾಗ ತೆರೆಯುವವರೆಗೂ ಕಾಯಬೇಕು. ಎಡ ತುದಿಗೆ ಹಾರಿ, ಹಿಂದಿನ ಸಾಲು ಸಿಗುವವರೆಗೆ ಬರೆಯಬೇಕು. ಮತ್ತೆ ಎಡಕ್ಕೆ ಹಾರಬೇಕು. ಹೀಗೆ ಬರುವ ತುಂಡುಗಳೇ ಒಕಾಜಾಕಿ ತುಣುಕುಗಳು. ಬ್ಯಾಕ್ಟೀರಿಯಾದಲ್ಲಿ ಒಂದೊಂದೂ 1000ದಿಂದ 2000 ಅಕ್ಷರ, ನಮ್ಮಲ್ಲಿ 100ರಿಂದ 200. ಆಮೇಲೆ ಆರ್‌ಎನ್‌ಎ ತೆಗೆದು, ಆ ಜಾಗ ತುಂಬಿ, ಲಿಗೇಸ್ ಬೆಸುಗೆ ಹಾಕುತ್ತದೆ.

ಇಷ್ಟೆಲ್ಲ ಒದ್ದಾಟ ಯಾಕೆ, 5' ತುದಿಗೂ ಸೇರಿಸಿದ್ದರೆ ಆಗ್ತಿರಲಿಲ್ವಾ? ಉತ್ತರ ತಿದ್ದುವ ಕೆಲಸದಲ್ಲಿದೆ. ಹೊಸದಾಗಿ ಬರುವ ಅಕ್ಷರ ಮೂರು ಫಾಸ್ಫೇಟ್ ಹೊತ್ತು ಬರುತ್ತದೆ, ಬೆಸೆಯುವ ಶಕ್ತಿ ಅದರಲ್ಲೇ ಇದೆ. ತಪ್ಪು ಅಕ್ಷರ ಕಿತ್ತು ಹಾಕಿದರೂ ಮುಂದಿನದು ತನ್ನ ಶಕ್ತಿ ತಾನೇ ತರುತ್ತದೆ, ಕೆಲಸ ನಿಲ್ಲಲ್ಲ. 5' ತುದಿ ಬೆಳೆಯುವಂತಿದ್ದರೆ ಆ ಫಾಸ್ಫೇಟ್‌ಗಳು ಎಳೆಯ ತುದಿಯಲ್ಲೇ ಇರಬೇಕಿತ್ತು. ಕಿತ್ತ ಅಕ್ಷರದ ಜೊತೆ ಅವೂ ಹೋಗಿ, ಎಳೆ ಅಲ್ಲಿಗೇ ನಿಂತುಬಿಡುತ್ತಿತ್ತು. ಇದು ಹೊಳೆದ ಮೇಲೆ ಒಕಾಜಾಕಿ ತುಣುಕನ್ನು ನಾನು ಉರು ಹೊಡೆಯಬೇಕಾಗಲೇ ಇಲ್ಲ.

ವೇಗದ ಒಂದು ಲೆಕ್ಕ ಮಾಡಿ ನೋಡಿ. ನಮ್ಮಲ್ಲಿ ಪಾಲಿಮರೇಸ್ ಸೆಕೆಂಡಿಗೆ ಸುಮಾರು 50 ಅಕ್ಷರ ಸೇರಿಸುತ್ತದೆ. ನಮ್ಮ ಡಿಎನ್ಎ ಕ್ರೋಮೋಸೋಮ್ ಎಂಬ ಬೇರೆ ಬೇರೆ ತುಂಡುಗಳಲ್ಲಿದೆ. ಅತಿ ದೊಡ್ಡದಾದ 1ನೇ ಕ್ರೋಮೋಸೋಮ್‌ನಲ್ಲಿ ಸುಮಾರು 25 ಕೋಟಿ ಜೋಡಿ. ನಡುವೆ ಒಂದೇ ಕಡೆ ಶುರು ಮಾಡಿ ಎರಡೂ ಪಕ್ಕಕ್ಕೆ ಹೋದರೂ ಹತ್ತಿರ ಹತ್ತಿರ ಒಂದು ತಿಂಗಳು ಬೇಕು! 8 ಗಂಟೆಯಲ್ಲಿ ಮುಗಿಯುವುದು ಸಾವಿರಾರು ಕಡೆ ಒಟ್ಟೊಟ್ಟಿಗೆ ಶುರುವಾಗುವುದರಿಂದ.

ಇನ್ನು ಪಾಲು ಮಾಡುವುದು. ಪ್ರೊಫೇಸ್‌ನಲ್ಲಿ ಡಿಎನ್ಎ ಬಿಗಿಯಾಗಿ ಸುತ್ತಿಕೊಳ್ಳುತ್ತದೆ, ಮೆಟಾಫೇಸ್‌ನಲ್ಲಿ ಕ್ರೋಮೋಸೋಮ್‌ಗಳು ನಡುವೆ ಸಾಲು ನಿಲ್ಲುತ್ತವೆ, ಅನಾಫೇಸ್‌ನಲ್ಲಿ ಜೋಡಿ ಬಿಟ್ಟು ಎರಡು ಕಡೆಗೆ ಹೋಗುತ್ತವೆ, ಟೆಲೋಫೇಸ್‌ನಲ್ಲಿ ಎರಡು ಕೋಶಕೇಂದ್ರ. ಹಂತಗಳು ಕಷ್ಟವಲ್ಲ, ಎಣಿಕೆ ಕಷ್ಟ. ಎಣಿಸಬೇಕಾದ್ದು ಸೆಂಟ್ರೋಮಿಯರ್, ಅಂದರೆ ನಕಲಾದ ಎರಡು ಪ್ರತಿ ಅಂಟಿಕೊಂಡಿರುವ ಜಾಗ. ಅದು ಎಷ್ಟೋ ಕ್ರೋಮೋಸೋಮ್ ಅಷ್ಟು.

ಈರುಳ್ಳಿ ಬೇರಿನ ತುದಿಯ ಕೋಶದಲ್ಲಿ 16 ಕ್ರೋಮೋಸೋಮ್. ನಕಲು ಮುಗಿದ ಮೇಲೆ ಎಷ್ಟು? 32 ಅಂತ ಬರೆದು ನಾನು ಅಂಕ ಕಳೆದುಕೊಂಡಿದ್ದೇನೆ. ಡಿಎನ್ಎ ಎರಡರಷ್ಟು ಆಯಿತು ನಿಜ, ಆದರೆ ಎರಡೆರಡು ಕ್ರೊಮ್ಯಾಟಿಡ್ (ನಕಲಾದ ಕ್ರೋಮೋಸೋಮ್‌ನ ಎರಡು ಪ್ರತಿ) ಇನ್ನೂ ಅಂಟಿಕೊಂಡೇ ಇವೆ. ಕ್ರೋಮೋಸೋಮ್ 16, ಕ್ರೊಮ್ಯಾಟಿಡ್ 32. ಅನಾಫೇಸ್‌ನಲ್ಲಿ ಅಂಟು ಬಿಟ್ಟ ಕ್ಷಣ ಪ್ರತಿ ಕ್ರೊಮ್ಯಾಟಿಡ್ಡೂ ಒಂದು ಕ್ರೋಮೋಸೋಮ್, ಆಗ ಮಾತ್ರ 32. ಕೋಶ ಎರಡಾದ ಮೇಲೆ ಮತ್ತೆ ತಲಾ 16.