ಎಡಗೈ ಐಬುಪ್ರೊಫೆನ್, ಬಲಗೈ ಐಬುಪ್ರೊಫೆನ್: ಬೇರೆ ಮಾಡೋದು ಹೇಗೆ?

ಪ್ರಶ್ನೆ: ನೋವಿನ ಮಾತ್ರೆ ಐಬುಪ್ರೊಫೆನ್‌ನಲ್ಲಿ ಕನ್ನಡಿ ಬಿಂಬದಂಥ ಎರಡು ರೂಪ ಇವೆಯಂತೆ. ಎರಡರ ತೂಕವೂ ಒಂದೇ, ಕರಗುವ ಉಷ್ಣತೆಯೂ ಒಂದೇ. ಹಾಗಿದ್ದರೆ ಕ್ರೊಮ್ಯಾಟೋಗ್ರಫಿ ಯಂತ್ರ ಅವನ್ನು ಹೇಗೆ ಬೇರೆ ಮಾಡುತ್ತದೆ?

ಉತ್ತರ: ಯಂತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ಕೆಲಸವೆಲ್ಲ ಕಾಲಮ್ಮಿನದು, ಅಂದರೆ ಒಳಗೆ ಸಣ್ಣ ಕಾಳು ತುಂಬಿದ ಕೊಳವೆಯದು. ಮಾಮೂಲಿ ಸಿ18 ಕಾಲಮ್ (ಎಡ-ಬಲ ಇಲ್ಲದ ಇಂಗಾಲದ ಸರಪಳಿಗಳಿರುವುದು) ಹಾಕಿದರೆ ಎರಡೂ ಒಟ್ಟಿಗೇ ಹೊರಬಂದು ಪರದೆಯ ಗೆರೆಯಲ್ಲಿ ಒಂದೇ ಪೀಕ್, ಅಂದರೆ ಒಂದೇ ಶಿಖರ ಕಾಣುತ್ತದೆ. ದಿನವಿಡೀ ಓಡಿಸಿದರೂ ಅಷ್ಟೇ.

ದೇವಸ್ಥಾನದ ಹೊರಗೆ ಕರೆಂಟ್ ಹೋದಾಗ ಚಪ್ಪಲಿ ಹುಡುಕಿದ್ದೀರಾ? ತಕ್ಕಡಿಗೆ ಹಾಕಿದರೆ ಎಡದ್ದೂ ಬಲದ್ದೂ ಒಂದೇ ತೂಕ. ಆದರೆ ಕಾಲು ತೂರಿಸಿದ ಕೂಡಲೇ ತಿಳಿಯುತ್ತದೆ, ಅಲ್ವಾ? ಕಾಲಿಗೇ ಎಡ-ಬಲ ಇದೆಯಲ್ಲ! ಕಾಲಮ್ಮಿನೊಳಗೂ ಅಂಥದ್ದೊಂದು 'ಕಾಲು' ಇಡಬೇಕು.

ಆ ಕಾಲು ಸಿಕ್ಕಿದ್ದು ಸೆಲ್ಯುಲೋಸ್‌ನಲ್ಲಿ. ಹೌದು, ಹತ್ತಿಯಲ್ಲಿರುವ ಅದೇ ಸೆಲ್ಯುಲೋಸ್. ಅದೊಂದು ಸಕ್ಕರೆ ಸರಪಳಿ, ಅದರ ಸಕ್ಕರೆಗಳೆಲ್ಲ ಒಂದೇ ಕೈಯವು. ಜಪಾನಿನ ರಸಾಯನ ವಿಜ್ಞಾನಿ ಯೋಷಿಯೊ ಒಕಮೊಟೊ 1980ರ ದಶಕದಲ್ಲಿ ಅದಕ್ಕೆ ಬೇರೆ ಗುಂಪುಗಳನ್ನು ಜೋಡಿಸಿ, ಸಿಲಿಕಾ ಕಾಳುಗಳ ಮೇಲೆ ಸವರಿ ಕಾಲಮ್ಮಿಗೆ ತುಂಬಿದರು. 2019ರಲ್ಲಿ ಅವರಿಗೆ ಜಪಾನ್ ಪ್ರಶಸ್ತಿ ಬಂತು. ತಿರುಚಿಕೊಂಡ ಆ ಸರಪಳಿಯ ಸಂದುಗಳಲ್ಲಿ ಒಂದು ರೂಪ ಚೆನ್ನಾಗಿ ಕೂರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ. ಇನ್ನೊಂದು ಸರಿಯಾಗಿ ಕೂರದೆ ಮುಂದೆ ಹೋಗುತ್ತದೆ. ಒಂದೊಂದು ಸಲದ ವ್ಯತ್ಯಾಸ ತೀರಾ ಚಿಕ್ಕದು. 25 ಸೆಂಟಿಮೀಟರ್ ಕೊಳವೆ ದಾಟುವಷ್ಟರಲ್ಲಿ ಅದು ಸಾವಿರಾರು ಸಲ ಆಗಿರುತ್ತದೆ.

ಕೊಳವೆಯೊಳಗೆ ಐಬುಪ್ರೊಫೆನ್ ಹೊತ್ತು ಹರಿಯುವ ದ್ರವ ಹೆಚ್ಚಾಗಿ ಹೆಕ್ಸೇನ್, ಜೊತೆಗೆ ಒಂಚೂರು ಐಸೊಪ್ರೊಪನಾಲ್. ಐಬುಪ್ರೊಫೆನ್ ಆಮ್ಲವಾದ್ದರಿಂದ ಚಿಟಿಕೆಯಷ್ಟು ಟ್ರೈಫ್ಲೋರೊಅಸಿಟಿಕ್ ಆಮ್ಲವೂ ಬೇಕು. ಅದನ್ನು ಮರೆತರೆ ಪೀಕಿಗೆ ಉದ್ದನೆಯ ಬಾಲ ಬರುತ್ತದೆ.

ಪರದೆಯ ಮೇಲೆ ಎರಡು ಪೀಕ್ ಬಂದಾಗ ಎರಡನೆಯದು ಕುಳ್ಳಗಿರುತ್ತದೆ. ಹೊಸಬರು 'ಇದು ಕಮ್ಮಿ ಇದೆ' ಅಂದುಬಿಡುತ್ತಾರೆ. ತಡವಾಗಿ ಬಂದದ್ದು ಅಗಲವಾಗಿ ಹರಡಿಕೊಂಡಿರುತ್ತದೆ, ಅಷ್ಟೇ. ಎತ್ತರ ನೋಡಬಾರದು, ವಿಸ್ತೀರ್ಣ ನೋಡಬೇಕು. ಮಾಮೂಲಿ ಐಬುಪ್ರೊಫೆನ್ ಆದರೆ ಅದು ಅರ್ಧಕ್ಕರ್ಧ. ಯಾವ ಪೀಕ್ ಯಾರದು ಅಂತ ಸುಮ್ನೆ ಊಹಿಸಲೂ ಆಗದು. ಕಾಲಮ್ ಬದಲಾದರೆ ಬರುವ ಸರದಿಯೂ ಉಲ್ಟಾ ಆಗಬಹುದು. ಆ ಎರಡು ರೂಪಗಳಿಗೆ ಎಸ್, ಆರ್ ಅಂತ ಹೆಸರು; ಶುದ್ಧ ಎಸ್ ರೂಪವನ್ನು ಬೇರೆಯಾಗಿ ಹಾಕಿ ನೋಡಲೇಬೇಕು.

ಇಷ್ಟೆಲ್ಲ ಆದಮೇಲೂ ಮಾತ್ರೆಯಲ್ಲಿ ಎರಡನ್ನೂ ಯಾಕೆ ಬಿಟ್ಟಿದ್ದಾರೆ? ನೋವಿಗೆ ಕೆಲಸ ಮಾಡುವುದು ಮುಖ್ಯವಾಗಿ ಎಸ್ ರೂಪ. ಆದರೆ ನುಂಗಿದ ಆರ್ ರೂಪದ ದೊಡ್ಡ ಪಾಲನ್ನು ನಮ್ಮ ದೇಹವೇ ಎಸ್ ಆಗಿ ತಿರುಗಿಸುತ್ತದೆ. ಎಸ್ ಮಾತ್ರ ವಾಪಸ್ ಆರ್ ಆಗುವುದಿಲ್ಲ. ಅದರದೇ ಬಳಗದ ನ್ಯಾಪ್ರೊಕ್ಸೆನ್ ಕಥೆ ಬೇರೆ. ಅದನ್ನು ಮಾರುವುದೇ ಎಸ್ ರೂಪದಲ್ಲಿ. ಅಲ್ಲಿ ಎರಡು ಸಮ ಪೀಕ್ ಬಂದರೆ ಆ ಬ್ಯಾಚ್ ಅಲ್ಲಿಗೇ ನಿಲ್ಲುತ್ತದೆ.