ಕರ್ನಲ್‌ನಲ್ಲಿ ಸ್ಟ್ರಿಂಗ್ ನಕಲು: ಒಂದಕ್ಷರದ ಪ್ಯಾಚ್‌ನ ಹಿಂದಿರುವ ಕಥೆ

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಬರುವ ಪ್ಯಾಚ್‌ಗಳಲ್ಲಿ, ಅಂದರೆ ಕೋಡ್ ತಿದ್ದುಪಡಿಗಳಲ್ಲಿ, ನೋಡುವುದಕ್ಕೆ ತೀರಾ ಸರಳವೆನಿಸುವ ಬಗೆಯೊಂದಿದೆ. ‘ಸ್ಟರ್‌ಎನ್‌ಕಾಪಿ’ (strncpy) ಎಂದಿದ್ದ ಕಡೆ ‘ಸ್ಟರ್‌ಎಸ್‌ಕಾಪಿ’ (strscpy) ಎಂದು ಬದಲಿಸಿರುತ್ತಾರೆ, ಅಷ್ಟೇ. ಕಣ್ಣಾಡಿಸಿ ಒಪ್ಪಿಬಿಡಬಹುದು ಎನಿಸುವ ಈ ಬದಲಾವಣೆಗೆ ಏಕೆ ಅಷ್ಟು ಹೊತ್ತು ಕೊಡಬೇಕೆಂಬುದು ಸ್ಟ್ರಿಂಗ್‌ಗಳನ್ನು ನಕಲಿಸುವ ಈ ಫಂಕ್ಷನ್‌ಗಳು ಹುಟ್ಟಿದ ಸಂದರ್ಭವನ್ನು ನೋಡಿದಾಗ ತಿಳಿಯುತ್ತದೆ.

ಸಿ ಭಾಷೆಯಲ್ಲಿ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಎಲ್ಲಿ ಮುಗಿಯಿತೆಂದು ಹೇಳುವುದು ಕೊನೆಯ ಸೊನ್ನೆ ಬೈಟ್ ಒಂದೇ. ಹಳೆಯ ಯುನಿಕ್ಸ್‌ನ ಡೈರೆಕ್ಟರಿಗಳಲ್ಲಿ ಫೈಲಿನ ಹೆಸರಿಗೆ ಸರಿಯಾಗಿ 14 ಬೈಟ್ ಜಾಗವಿತ್ತು; ಹೆಸರು ಚಿಕ್ಕದಾದರೆ ಉಳಿದದ್ದನ್ನು ಸೊನ್ನೆಗಳಿಂದ ತುಂಬುವುದು, ಪೂರ್ತಿ 14 ಆದರೆ ಕೊನೆಯ ಸೊನ್ನೆಯನ್ನೇ ಬಿಡುವುದು ರೂಢಿ. ಸ್ಟರ್‌ಎನ್‌ಕಾಪಿ ರೂಪುಗೊಂಡದ್ದು ಆ ಕೆಲಸಕ್ಕೆ. ಮುಂದೆ ಅದನ್ನೇ ಎಲ್ಲೆಡೆ ಸುರಕ್ಷಿತ ನಕಲೆಂದು ಬಳಸತೊಡಗಿದಾಗ, ಸೊನ್ನೆಯಿಲ್ಲದ ಬಫರನ್ನು (ನಕಲು ಇಡುವ ಮೆಮೊರಿಯ ಜಾಗವನ್ನು) ಓದುವ ಕೋಡ್ ಪಕ್ಕದ ಮೆಮೊರಿಗೂ ನುಗ್ಗತೊಡಗಿತು.

1998ರಲ್ಲಿ ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನವರು ರೂಪಿಸಿದ ‘ಸ್ಟರ್‌ಎಲ್‌ಕಾಪಿ’ (strlcpy) 2003ರಲ್ಲಿ ಲಿನಕ್ಸ್ ಕರ್ನಲ್‌ಗೂ ಬಂತು. ಅದು ಕೊನೆಯ ಸೊನ್ನೆಯನ್ನು ತಪ್ಪದೆ ಇಡುತ್ತದೆ. ಆದರೆ ಮೂಲ ಸ್ಟ್ರಿಂಗ್‌ನ ಪೂರ್ತಿ ಉದ್ದವನ್ನು ಹಿಂದಿರುಗಿಸಬೇಕಾದ್ದರಿಂದ, ನಕಲಿಗೆ ಬೇಕಾದಷ್ಟಕ್ಕೇ ನಿಲ್ಲದೆ ಮೂಲವನ್ನು ಸೊನ್ನೆ ಸಿಗುವವರೆಗೆ ಓದುತ್ತಲೇ ಹೋಗುತ್ತದೆ. ಹೀಗಾಗಿ, ಈ ತೊಂದರೆಯಿಲ್ಲದಂತೆ ಕ್ರಿಸ್ ಮೆಟ್‌ಕಾಫ್ ಬರೆದ ಸ್ಟರ್‌ಎಸ್‌ಕಾಪಿ 2015ರ 4.3ನೇ ಆವೃತ್ತಿಯಲ್ಲಿ ಸೇರಿತು. ಸೇರಿಸುವಾಗಲೇ ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್, ಹಳೆಯ ಕೋಡನ್ನು ಸಾರಾಸಗಟಾಗಿ ಬದಲಿಸುವ ಪ್ಯಾಚ್‌ಗಳು ಬೇಡವೆಂದು ಎಚ್ಚರಿಸಿದ್ದರು. ಸ್ಟರ್‌ಎಲ್‌ಕಾಪಿ 2024ರಲ್ಲಿ, 6.8ನೇ ಆವೃತ್ತಿಯ ಹೊತ್ತಿಗೆ, ಕರ್ನಲ್‌ನಿಂದ ಹೊರಬಿತ್ತು.

ಟೋರ್ವಾಲ್ಡ್ಸ್ ಅವರ ಎಚ್ಚರಿಕೆ ಸರಿಯಾದದ್ದೆಂದೇ ನಾನು ನಂಬುತ್ತೇನೆ. ಜಾಗ ಸಾಲದಿದ್ದಾಗ ಸ್ಟರ್‌ಎಸ್‌ಕಾಪಿ ಕೊಡುವುದು ಉದ್ದವನ್ನಲ್ಲ, ‘ಇ-ಟು-ಬಿಗ್’ ಎಂಬ ದೋಷಸಂಖ್ಯೆಯನ್ನು, ಅಂದರೆ −7ನ್ನು. ಸ್ಟರ್‌ಎಲ್‌ಕಾಪಿಯ ಕಾಲದ ಕೋಡ್ ಅದನ್ನು ಅನ್‌ಸೈನ್ಡ್ (ಋಣಸಂಖ್ಯೆ ಹಿಡಿಯದ) ವೇರಿಯಬಲ್‌ನಲ್ಲಿಟ್ಟು ಉದ್ದವೆಂದೇ ಲೆಕ್ಕಕ್ಕೆ ಹಿಡಿದರೆ, −7 ಬೃಹತ್ ಸಂಖ್ಯೆಯಾಗಿಬಿಡುತ್ತದೆ. ಇನ್ನು ಬಫರ್ ಬಳಕೆದಾರರ ಪ್ರೋಗ್ರಾಮಿಗೆ ಹೋಗುವಂಥದ್ದಾದರೆ, ಸ್ಟರ್‌ಎನ್‌ಕಾಪಿ ತುಂಬುತ್ತಿದ್ದ ಸೊನ್ನೆಗಳು ಈಗ ಇಲ್ಲವಾಗಿ, ಕರ್ನಲ್‌ನ ಹಳೆಯ ಮೆಮೊರಿಯ ಚೂರುಗಳು ಹೊರಗೆ ಸೋರಬಹುದು. ಅಲ್ಲಿ ಬೇಕಾದದ್ದು ಸೊನ್ನೆ ತುಂಬುವ ‘ಸ್ಟರ್‌ಎಸ್‌ಕಾಪಿ-ಪ್ಯಾಡ್’. ಸ್ಕಸಿ (SCSI) ಎಂಬ ಸಂಪರ್ಕ ಪದ್ಧತಿಯ ಡಿಸ್ಕ್ ತನ್ನ ತಯಾರಕರ ಹೆಸರು ತಿಳಿಸುವ 8 ಬೈಟ್‌ಗಳ ಅಂಕಣಕ್ಕಂತೂ ಕೊನೆಯ ಸೊನ್ನೆಯೇ ಇಲ್ಲ. ಅಲ್ಲಿ ಸ್ಟರ್‌ಎಸ್‌ಕಾಪಿ ಬಳಸಿದರೆ ಎಂಟನೆಯ ಅಕ್ಷರ ಹಾರಿಹೋಗುತ್ತದೆ.

ಸೊನ್ನೆ ಸರಿಯಾಗಿ ಕೂತ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಲಿನಕ್ಸ್‌ನಲ್ಲಿ ಓಡುವ ಪ್ರತಿ ಪ್ರೋಗ್ರಾಮಿನ ಹೆಸರಿಗೆ ಕರ್ನಲ್ ಇಟ್ಟಿರುವ ಜಾಗ 16 ಬೈಟ್, ಸೊನ್ನೆಯನ್ನು ಬಿಟ್ಟರೆ 15. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ (ಮೂಲಾಕ್ಷರ ಅಥವಾ ಚಿಹ್ನೆಗೂ) 3 ಬೈಟ್ ಬೇಕು. ‘ಕನ್ನಡ’ ಎಂಬ ಹೆಸರಿನಲ್ಲಿ ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯೂ ಸೇರಿ ಐದು ಸಂಕೇತಗಳಿರುವುದರಿಂದ ಅದು ಸರಿಯಾಗಿ ಹಿಡಿಯುತ್ತದೆ. 21 ಬೈಟ್‌ಗಳ ‘ಕರ್ನಾಟಕ’ ಮಾತ್ರ ‘ಕರ್ನಾ’ ಎಂದು ತುಂಡಾಗುತ್ತದೆ. ‘1ಕನ್ನಡ’ ಎಂದಿಟ್ಟರಂತೂ ‘ಡ’ಕಾರದ ಮೂರು ಬೈಟ್‌ಗಳಲ್ಲಿ ಎರಡು ಉಳಿದು, ಯಾವ ಅಕ್ಷರವೂ ಅಲ್ಲದ ಚೂರೊಂದು ಕೊನೆಯಲ್ಲಿ ಕೂರುತ್ತದೆ. ಮೆಮೊರಿಯ ಮಟ್ಟಿಗೆ ಅಲ್ಲಿ ಯಾವ ತಪ್ಪೂ ಆಗಿರುವುದಿಲ್ಲ. ಆ ಜಾಗದಲ್ಲಿ ಹೆಸರು ತುಂಡಾದರೆ ನಡೆಯುತ್ತದೆಯೇ ಎಂಬುದನ್ನು ಯಾವ ಫಂಕ್ಷನ್ನೂ ತೀರ್ಮಾನಿಸಲಾರದು. ಪ್ಯಾಚ್ ಬರೆದವರನ್ನು ಪರಿಶೀಲಕರೇ ಕೇಳಬೇಕು.