ಹೆಸರನ್ನು ಕೊನೆಗೆ ಓದಿ: ಇಂಗ್ಲಿಷ್ ಬೆಳ್ಳಿ ಜೇಬು ಗಡಿಯಾರ ಕಲಿಯುವವರಿಗೆ ಟಿಪ್ಪಣಿ

ಹಳೆಯ ಜೇಬು ಗಡಿಯಾರ ಕೈಗೆ ಬಂದ ಕೂಡಲೇ ನಮ್ಮ ಕಣ್ಣು ಡಯಲ್ ಮೇಲಿನ ಹೆಸರಿನತ್ತ ಹೋಗುತ್ತದೆ. ನಾನೂ ಹಾಗೇ ಶುರು ಮಾಡಿದ್ದು. ಈಗ ಹೊಸದಾಗಿ ಕಲಿಯುವವರಿಗೆ ಮೊದಲು ಹೇಳುವ ಮಾತು ಇದೇ: ಹೆಸರು ಕೊನೆಗಿರಲಿ, ಮೊದಲು ಹಿಂದಿನ ಮುಚ್ಚಳ ತೆರೆಯಿರಿ. ಇಂಗ್ಲಿಷ್ ಬೆಳ್ಳಿ ಗಡಿಯಾರ ನೋಡಲು ಒಂದೇ ವಸ್ತು, ಆದರೆ ಬೆಳ್ಳಿಯ ಕೇಸ್ ಮಾಡಿದವರು ಬೇರೆ, ಒಳಗಿನ ಯಂತ್ರ ಮಾಡಿದವರು ಬೇರೆ. ಎರಡನ್ನೂ ಬೇರೆ ಬೇರೆ ಓದಿ, ಆಮೇಲೆ ತಾಳೆ ನೋಡಬೇಕು.

ಕೇಸ್ ಓದಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಸಾಕು. ಬೆಳಕು ನೇರವಾಗಿ ಬೀಳಬಾರದು, ಓರೆಯಾಗಿ ಬೀಳಬೇಕು. ಆಗ ಮುಚ್ಚಳದ ಒಳಮೈಯಲ್ಲಿ ಪುಟ್ಟ ಪುಟ್ಟ ಮುದ್ರೆಗಳು ಎದ್ದು ಕಾಣುತ್ತವೆ. ನಡೆಯುತ್ತಿರುವ ಸಿಂಹ ಇದ್ದರೆ ಬೆಳ್ಳಿ ಸ್ಟರ್ಲಿಂಗ್, ಅಂದರೆ ಸಾವಿರಕ್ಕೆ 925 ಭಾಗ ಶುದ್ಧ. ಈ ಸಿಂಹ 1544ರಿಂದ ಬಂದದ್ದು. ಪಕ್ಕದಲ್ಲಿ ಬೆಳ್ಳಿಯ ಶುದ್ಧತೆ ಪರೀಕ್ಷೆ ಮಾಡಿದ ಕಚೇರಿ ಇರುವ ಊರಿನ ಗುರುತು. ಚಿರತೆಯ ತಲೆ ಇದ್ದರೆ ಲಂಡನ್, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್. ಒಂದು ಕತ್ತಿ, ಮೂರು ಗೋಧಿ ಸಿವುಡು ಇದ್ದರೆ ಚೆಸ್ಟರ್. ಬರ್ಮಿಂಗ್‌ಹ್ಯಾಮ್ ಕಚೇರಿ 1773ರಲ್ಲಿ ಶುರುವಾಯಿತು, ಚೆಸ್ಟರ್ ಕಚೇರಿ 1962ರಲ್ಲಿ ಮುಚ್ಚಿತು. ಇನ್ನೊಂದು ಮುದ್ರೆಯಲ್ಲಿ ಎರಡೋ ಮೂರೋ ಇನಿಷಿಯಲ್ ಇರುತ್ತವೆ. ಅದು ಕೇಸ್ ಮಾಡಿಸಿ ಪರೀಕ್ಷೆಗೆ ಕಳಿಸಿದವರದು. ಗಡಿಯಾರ ತಯಾರಿಸಿದವರದು ಅಂತ ತಪ್ಪಾಗಿ ತಿಳಿಯಬೇಡಿ.

ಉಳಿದದ್ದು ವರ್ಷದ ಅಕ್ಷರ, ಅಂದರೆ ಕೇಸ್ ಪರೀಕ್ಷೆಯಾದ ವರ್ಷ ತಿಳಿಸುವ ಅಕ್ಷರ. ಇಲ್ಲೇ ಎಲ್ಲರೂ ಎಡವುವುದು. ಆ ಕಾಲದ ಲಂಡನ್ನಿನಲ್ಲಿ ಎ ಇಂದ ಯು ತನಕ, ಜೆ ಬಿಟ್ಟು, ಇಪ್ಪತ್ತು ಅಕ್ಷರ. ಇಪ್ಪತ್ತು ವರ್ಷ ಆದ ಮೇಲೆ ಅಕ್ಷರದ ಶೈಲಿ ಬದಲಿಸಿ ಮತ್ತೆ ಎ ಇಂದ ಶುರು. ಅಕ್ಷರ ಬದಲಾಗುತ್ತಿದ್ದದ್ದು ಮೇ ತಿಂಗಳಲ್ಲಿ. ಅದಕ್ಕೇ ಒಂದು ಅಕ್ಷರ ಎರಡು ಇಸವಿಗೆ ಸೇರುತ್ತದೆ. ಬೇರೆ ಊರುಗಳ ಲೆಕ್ಕ ಬೇರೆ, ಹಾಗಾಗಿ ಊರು ಗೊತ್ತಾಗದೆ ಅಕ್ಷರ ಓದಿ ಪ್ರಯೋಜನವಿಲ್ಲ.

ಒಂದು ಉದಾಹರಣೆ ನೋಡೋಣ. ಲಂಡನ್ ಕೇಸ್, ದೊಡ್ಡಕ್ಷರದ ಎಫ್, ಸಾದಾ ರೋಮನ್ ಶೈಲಿ. ದೊಡ್ಡ ರೋಮನ್ ಅಕ್ಷರದ ಸರಣಿ 1796ರಲ್ಲೂ ಶುರುವಾಗಿತ್ತು, 1876ರಲ್ಲೂ ಶುರುವಾಗಿತ್ತು. ಅಂದರೆ ಇದು 1801–02 ಆಗಬಹುದು, 1881–82 ಕೂಡ ಆಗಬಹುದು. ಎಂಬತ್ತು ವರ್ಷದ ವ್ಯತ್ಯಾಸ! ಈಗ ಚಿರತೆಯ ತಲೆ ನೋಡಿ. ಕಿರೀಟ ಇದೆಯಾ? ಇದ್ದರೆ 1801. 1821ರಲ್ಲಿ ಲಂಡನ್ ಚಿರತೆಯ ಕಿರೀಟ ತೆಗೆದರು, ಹಾಗಾಗಿ ಬೋಳು ತಲೆಯಾದರೆ 1881. ಸಿಂಹವೂ ಸಾಕ್ಷಿ ಹೇಳುತ್ತದೆ. 1821ಕ್ಕೆ ಮೊದಲು ಅದು ಮುಖ ತಿರುಗಿಸಿ ನಮ್ಮ ಕಡೆ ನೋಡುತ್ತಿತ್ತು. ಆಮೇಲೆ ತಾನು ನಡೆಯುವ ದಾರಿಯನ್ನೇ ನೋಡುತ್ತದೆ. ಮೊದಲ ಸಲ ಈ ಸಿಂಹದ ಮುಖ ಗುರುತಿಸಿದ ದಿನ ನನಗಾದ ಖುಷಿ ಇನ್ನೂ ನೆನಪಿದೆ.

ರಾಜನ ತಲೆಯ ಮುದ್ರೆ ಇಲ್ಲವಲ್ಲ ಅಂತ ಕೆಲವರು ಅನುಮಾನ ಪಡುತ್ತಾರೆ. ಅದು ಸುಂಕ ಕಟ್ಟಿದ್ದಕ್ಕೆ ಗುರುತು. 1784ರಿಂದ 1890ರ ತನಕ ಬೆಳ್ಳಿ ಸಾಮಾನಿಗೆ ಹಾಕುತ್ತಿದ್ದರು. ಆದರೆ ಗಡಿಯಾರದ ಕೇಸಿಗೆ 1798ರಲ್ಲೇ ಸುಂಕ ಬಿಟ್ಟರು. ಆಮೇಲಿನ ಕೇಸಿನಲ್ಲಿ ರಾಜನ ತಲೆ ಇಲ್ಲದಿರುವುದೇ ಸರಿ. ಇನ್ನು ಸಿಂಹ ಇಲ್ಲದೆ ಬರೀ ‘ಫೈನ್ ಸಿಲ್ವರ್’ ಅಂತಲೋ 0.800, 0.935 ಅಂತಲೋ ಇದ್ದರೆ ಅದು ಇಂಗ್ಲಿಷ್ ಕೇಸ್ ಅಲ್ಲ, ಹೆಚ್ಚಾಗಿ ಸ್ವಿಸ್.

ಹದಿನೆಂಟನೇ ಶತಮಾನದ ಗಡಿಯಾರಗಳಿಗೆ ಸಾಮಾನ್ಯವಾಗಿ ಎರಡು ಕೇಸ್. ಒಳಗಿನದರಲ್ಲಿ ಯಂತ್ರ, ಹೊರಗಿನದು ಅದಕ್ಕೆ ಡಬ್ಬಿಯ ಹಾಗೆ. ಎರಡರಲ್ಲೂ ಮುದ್ರೆ ಇರುತ್ತದೆ, ಎರಡೂ ಹೊಂದಬೇಕು. ನಾನು ಕೊಂಡ ಮೊದಲ ಜೋಡಿ ಕೇಸಿನ ಗಡಿಯಾರದಲ್ಲಿ ಒಳಗಿನದಕ್ಕೂ ಹೊರಗಿನದಕ್ಕೂ ಹದಿನಾಲ್ಕು ವರ್ಷದ ಅಂತರ, ಇನಿಷಿಯಲ್ಲೂ ಬೇರೆ. ಮಾರಿದವರು ‘ಎಲ್ಲಾ ಒರಿಜಿನಲ್’ ಅಂದಿದ್ದರು. ನಾನು ಒಳಗಿನದನ್ನು ಮಾತ್ರ ನೋಡಿ ದುಡ್ಡು ಕೊಟ್ಟೆ. ಬೇಜಾರಾಯಿತು. ಅಂದಿನಿಂದ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡದೆ ಮಾತಾಡುವುದಿಲ್ಲ. ಹೊರ ಕೇಸಿನೊಳಗೆ ಕೆಲವೊಮ್ಮೆ ದುಂಡಗೆ ಕತ್ತರಿಸಿದ ಕಾಗದ ಸಿಗುತ್ತದೆ, ಅದರಲ್ಲಿ ರಿಪೇರಿ ಮಾಡಿದ ಅಂಗಡಿಯ ಹೆಸರು, ಊರು. ಅದನ್ನು ಎಸೆಯಬೇಡಿ.

ಈಗ ಯಂತ್ರ. ಇಂಗ್ಲಿಷ್ ಕೆಲಸದ ದೊಡ್ಡ ಗುರುತು ಫ್ಯೂಜಿ. ನೋಡಲು ಬುಗುರಿಯ ಹಾಗೆ, ಮೈಮೇಲೆ ಸುರುಳಿ ಗೆರೆ, ಅದಕ್ಕೆ ಸುತ್ತಿದ ಸಣ್ಣ ಸರಪಳಿ. ಸರಪಳಿ ಸೈಕಲ್ ಚೈನಿನದೇ ರೂಪ, ಆದರೆ ಕೊಂಡಿಗಳನ್ನು ಎಣಿಸಲು ಭೂತಗನ್ನಡಿ ಬೇಕು. ಇದು ಯಾಕೆ ಬೇಕು? ಪೂರ್ತಿ ಕೀಲಿ ಕೊಟ್ಟಾಗ ಸ್ಪ್ರಿಂಗ್ ಜೋರಾಗಿ ಎಳೆಯುತ್ತದೆ, ಬಿಚ್ಚುತ್ತಾ ಬಂದ ಹಾಗೆ ಸೋಲುತ್ತದೆ. ಆ ಬಲ ನೇರವಾಗಿ ಚಕ್ರಗಳಿಗೆ ಹೋದರೆ ಗಡಿಯಾರ ಬೆಳಿಗ್ಗೆ ಒಂದು ಥರ, ರಾತ್ರಿ ಒಂದು ಥರ ಓಡುತ್ತದೆ. ಬಾಗಿಲನ್ನು ಕೀಲಿನ ಪಕ್ಕ ತಳ್ಳಿ ನೋಡಿ, ಕಷ್ಟ. ಅಂಚಿನಲ್ಲಿ ತಳ್ಳಿದರೆ ಸುಲಭ, ಅಲ್ವಾ? ಇಲ್ಲೂ ಹಾಗೇ. ಸ್ಪ್ರಿಂಗಿಗೆ ಬಲ ಇರುವಾಗ ಸರಪಳಿ ಬುಗುರಿಯ ಸಣ್ಣ ತುದಿಯನ್ನು ಎಳೆಯುತ್ತದೆ, ಬಲ ಕುಗ್ಗಿದಾಗ ಅಗಲದ ಕಡೆಯನ್ನು ಎಳೆಯುತ್ತದೆ. ಕೊನೆಗೆ ಚಕ್ರಕ್ಕೆ ಸಿಗುವ ಶಕ್ತಿ ಹೆಚ್ಚುಕಮ್ಮಿ ಒಂದೇ. ಬೇರೆ ದೇಶದವರು ಫ್ಯೂಜಿ ಬಿಟ್ಟು ಎಷ್ಟೋ ಕಾಲವಾದ ಮೇಲೂ ಇಂಗ್ಲೆಂಡಿನವರು ಅದನ್ನು ಬಿಡಲಿಲ್ಲ. ಆ ಹಟದಿಂದ ವ್ಯಾಪಾರ ಕಳೆದುಕೊಂಡರು ಅನ್ನುವುದು ನಿಜ, ಆದರೂ ಆ ಸರಪಳಿ ಬುಗುರಿಯ ಮೇಲೆ ಸಾಲಾಗಿ ಕೂರುವುದನ್ನು ನೋಡಿದರೆ ನನಗೆ ಅವರ ಮೇಲೆ ಪ್ರೀತಿಯೇ ಜಾಸ್ತಿ.

ಇನ್ನೊಂದು ಗುರುತು, ಬ್ಯಾಲೆನ್ಸ್ ಚಕ್ರದ, ಅಂದರೆ ಆ ಕಡೆ ಈ ಕಡೆ ಆಡುತ್ತಾ ಗಡಿಯಾರದ ವೇಗ ಹಿಡಿದಿಡುವ ಚಕ್ರದ, ಮೇಲಿರುವ ಕೆತ್ತನೆಯ ತಗಡು. ಇದಕ್ಕೆ ಕಾಕ್ ಅನ್ನುತ್ತಾರೆ. ಇಂಗ್ಲಿಷ್ ಕಾಕ್ ಒಂದೇ ಸ್ಕ್ರೂ, ಒಂದೇ ಕಾಲಿನ ಮೇಲೆ ನಿಲ್ಲುತ್ತದೆ. ಯೂರೋಪಿನ ಬೇರೆ ಕಡೆಯದು ಸೇತುವೆಯ ಹಾಗೆ ಎರಡು ಕಾಲಿನದು. ಇದು ಗೊತ್ತಿದ್ದರೆ ಮೋಸ ಹೋಗುವುದು ತಪ್ಪುತ್ತದೆ. ಹದಿನೆಂಟನೇ ಶತಮಾನದಲ್ಲಿ ಲಂಡನ್ ಗಡಿಯಾರಕ್ಕೆ ಎಷ್ಟು ಬೆಲೆ ಇತ್ತೆಂದರೆ, ಹೊರಗಡೆ ಮಾಡಿದ ಅಗ್ಗದ ಗಡಿಯಾರಗಳ ಮೇಲೂ ‘ಟಾರ್ಟ್ಸ್, ಲಂಡನ್’ ಅನ್ನುವಂಥ ಸುಳ್ಳು ಹೆಸರು ಕೆತ್ತಿ ಮಾರುತ್ತಿದ್ದರು. ಲಂಡನ್ ಅಂತ ಬರೆದು ಒಳಗೆ ಎರಡು ಕಾಲಿನ ಸೇತುವೆ, ಡಯಲ್ಲಿನ ನಿಮಿಷದ ಗೆರೆ ಕಮಾನು ಕಮಾನಾಗಿ ಇದ್ದರೆ, ಅದೂ ಅಂಥ ನಕಲಿ ಇರಬಹುದು, ಎಚ್ಚರವಾಗಿರಿ.

ಅಸಲಿ ಹೆಸರು ಕೂಡ ಹೆಚ್ಚಾಗಿ ಮಾರಿದ ಅಂಗಡಿಯದೇ. ಹತ್ತೊಂಬತ್ತನೇ ಶತಮಾನದಲ್ಲಿ ಲ್ಯಾಂಕಾಶೈರಿನ ಪ್ರೆಸ್ಕಾಟ್ ಊರಿನ ಮನೆ ಮನೆಗಳಲ್ಲಿ ಒರಟು ಯಂತ್ರ ತಯಾರಾಗುತ್ತಿತ್ತು. ಲಂಡನ್ನಿನ ಕ್ಲರ್ಕನ್‌ವೆಲ್, ಕವೆಂಟ್ರಿ, ಲಿವರ್‌ಪೂಲ್‌ಗಳಲ್ಲಿ ಅದಕ್ಕೆ ನಯ ಕೊಟ್ಟು ಮುಗಿಸುತ್ತಿದ್ದರು. ಕೊನೆಗೆ ಅಂಗಡಿಯ ಹೆಸರು ಕೆತ್ತುತ್ತಿದ್ದರು. ನಮ್ಮ ಕಡೆ ‘ಪಿ. ಓರ್ ಅಂಡ್ ಸನ್ಸ್, ಮದ್ರಾಸ್’ ಅಂತ ಇರುವ ಗಡಿಯಾರ ಸಿಕ್ಕರೂ ಅದೇ ಪ್ರಶ್ನೆ ಕೇಳಿ: ಮಾರಿದ್ದು ಇವರು, ಮಾಡಿದ್ದು ಯಾರು?

ಸಿಂಹ, ಲಂಗರು ಎರಡೂ ಸರಿಯಾಗಿದ್ದು ಒಳಗೆ ಅಮೆರಿಕದ ವಾಲ್ತಮ್ ಕಂಪನಿಯ ಯಂತ್ರ ಇದ್ದರೂ ಗಾಬರಿ ಬೇಡ. ಬರ್ಮಿಂಗ್‌ಹ್ಯಾಮ್‌ನ ಡೆನ್ನಿಸನ್ ಕಂಪನಿ ಅಂಥ ಯಂತ್ರಗಳಿಗೆ ಕೇಸ್ ಮಾಡಿ ಕೊಡುತ್ತಿತ್ತು. ಮುದ್ರೆಗಳಲ್ಲಿ ‘ಎ.ಎಲ್.ಡಿ.’ ಅಕ್ಷರ ಇದೆಯಾ ನೋಡಿ, ಅದು ಡೆನ್ನಿಸನ್ ಗುರುತು. ಸಿಂಹ ಬೆಳ್ಳಿಯ ಬಗ್ಗೆ ಮಾತ್ರ ಹೇಳುತ್ತದೆ, ಯಂತ್ರದ ಬಗ್ಗೆ ಅಲ್ಲ.

ಒಂದು ವಿನಂತಿ. ದಯವಿಟ್ಟು ಬೆಳ್ಳಿಗೆ ಪಾಲಿಶ್ ಹಾಕಿ ತಿಕ್ಕಬೇಡಿ. ಪ್ರತಿ ಸಲ ತಿಕ್ಕಿದಾಗಲೂ ಬೆಳ್ಳಿಯ ತೆಳು ಪದರ ಹೋಗುತ್ತದೆ, ಮುದ್ರೆ ಸವೆಯುತ್ತದೆ. ನನ್ನ ಬಳಿ ಒಂದು ಚೆಸ್ಟರ್ ಕೇಸ್ ಇದೆ. ಸಿವುಡುಗಳು ಚೆನ್ನಾಗಿ ಕಾಣುತ್ತವೆ, ವರ್ಷದ ಅಕ್ಷರದ ಜಾಗದಲ್ಲಿ ನುಣ್ಣನೆಯ ಗುಳಿ ಮಾತ್ರ. ಯಾರೋ ಪ್ರೀತಿಯಿಂದಲೇ, ವರ್ಷಗಟ್ಟಲೆ, ಅದನ್ನು ಹೊಳೆಯುವ ಹಾಗೆ ತಿಕ್ಕಿದ್ದಾರೆ.